ಹಜಾರದ ಗೋಡೆಯ ಮೇಲೆ ಯಾರದೋ ಬಂಗಲೆ

ಗೋಡೆ ಮೇಲಿನ ಮಾತು: ಓದುಗರ ಪ್ರಶ್ನೆ, ಫ್ರೇಮಿನಂಗಡಿಯವನ ಉತ್ತರ

ಪ್ರಶ್ನೆ: ನಮ್ಮ ತಾತ 1950ರ ದಶಕದಲ್ಲಿ ಇಂಗ್ಲಿಷ್ ದೊರೆಯೊಬ್ಬರಿಂದ ತೋಟ ಕೊಂಡರು. ಬಂಗಲೆಯ ಮೇಜು ಕುರ್ಚಿಗಳ ಜೊತೆ ನಾಲ್ಕು ಫ್ರೇಮುಗಳೂ ಬಂದವು. ಮೂರು ಸಣ್ಣವು, ಬಣ್ಣದವು: ಹುಲ್ಲುಹಾಸು, ಜಿಂಕೆ, ಹಿಂದೆ ಅರಮನೆಯಂಥ ಮನೆ. ನಾಲ್ಕನೆಯದು ದೊಡ್ಡದು, ಕಪ್ಪು ಬಿಳುಪು, ಆಕಾಶದಿಂದ ನೋಡಿದ ಹಾಗಿದೆ. ಒಂದು ಲಾಂಛನವಿದೆ, 'ಬ್ಯಾಡ್ಮಿಂಟನ್' ಅಂತ ಹೆಸರಿದೆ. ಇದು ದೊರೆಯ ಸ್ವಂತ ಮನೆ ಅಂತ ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ. ಹೌದೆ? ಫೋಟೋ ಕಳಿಸಿದ್ದೇನೆ.
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಖಂಡಿತ ಅಲ್ಲ ಸ್ವಾಮಿ. ಬ್ಯಾಡ್ಮಿಂಟನ್ ಅಂದರೆ ಗ್ಲಾಸ್ಟರ್‌ಶೈರಿನಲ್ಲಿರುವ ಬೋಫರ್ಟ್ ಡ್ಯೂಕರ ಮನೆ. ನಾವು ಆಡುವ ಶಟಲ್ ಆಟಕ್ಕೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಆ ಮನೆತನದವರು ಸಕಲೇಶಪುರಕ್ಕೆ ಬಂದು ಕಾಫಿ ಕುಯ್ಲು ಮಾಡಿಸಬೇಕಾದ ಕರ್ಮವೇನಿತ್ತು? ನಿಮ್ಮ ದೊರೆ ಇದನ್ನು ಯಾವುದೋ ಅಂಗಡಿಯಲ್ಲಿ ಕೊಂಡು ತಂದಿರಬೇಕು. ನಮ್ಮ ಹೋಟೆಲಿನವರು ಗಲ್ಲಾದ ಹಿಂದೆ ಮೈಸೂರು ಅರಮನೆಯ ಫೋಟೋ ಹಾಕುತ್ತಾರಲ್ಲ, ಅಂಥದ್ದೇ. ನಮ್ಮ ತಂದೆಯವರ ಕಾಲದಿಂದ ಕೊಡಗು, ಚಿಕ್ಕಮಗಳೂರು ಕಡೆಯ ಬಂಗಲೆಗಳ ಚಿತ್ರಗಳು ನಮ್ಮ ಅಂಗಡಿಗೆ ಕಟ್ಟು ಬದಲಾಯಿಸಲು ಬರುತ್ತಿವೆ. ತಂದವರೆಲ್ಲ ಹೇಳುವುದು ಇದೇ ಮಾತು: "ನಮ್ಮ ದೊರೆಯ ಊರಿನ ಮನೆ." ಆ ಲೆಕ್ಕಕ್ಕೆ ಇಂಗ್ಲೆಂಡಿನ ಡ್ಯೂಕುಗಳೆಲ್ಲ ಮಲೆನಾಡಿನಲ್ಲೇ ಇದ್ದಿರಬೇಕು.

ಮೊದಲು ಸಣ್ಣ ಮೂರರ ವಿಷಯ. ಅವು 19ನೇ ಶತಮಾನದ ಉತ್ತರಾರ್ಧದವು. ಮಾರಿಸ್ ಎಂಬ ಪಾದ್ರಿ ಬ್ರಿಟನ್ ಮತ್ತು ಐರ್ಲೆಂಡಿನ ದೊಡ್ಡ ಮನೆಗಳ ಬಗ್ಗೆ ಆರು ಸಂಪುಟ ತಂದರು. ಹಕ್ಕಿಗಳ ಪುಸ್ತಕಕ್ಕೂ ಹೆಸರಾದವರು ಅವರು. ಚಿತ್ರ ಬರೆದದ್ದು ಲೈಡನ್. ಅಚ್ಚು ಹಾಕಿದ್ದು ಯಾರ್ಕ್‌ಶೈರಿನ ಡ್ರಿಫೀಲ್ಡ್ ಎಂಬ ಸಣ್ಣ ಪೇಟೆಯ ಬೆಂಜಮಿನ್ ಫಾಸೆಟ್. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚು ಕೊರೆದು, ಒಂದರ ಮೇಲೊಂದು ಒತ್ತಿದ ಕೆಲಸ. ಭೂತಗನ್ನಡಿ ಹಿಡಿದು ಜಿಂಕೆಯ ಬೆನ್ನು ನೋಡಿ. ಕಂದು ಬಣ್ಣ ಗೆರೆಯನ್ನು ಕೂದಲೆಳೆಯಷ್ಟು ದಾಟಿರುತ್ತದೆ. ಆ ಪುಸ್ತಕಗಳನ್ನು ಬಿಚ್ಚಿ, ಹಾಳೆ ಹಾಳೆ ಬಿಡಿಸಿ ಮಾರಿದವರು ಎಷ್ಟೋ ಜನ. ನಿಮ್ಮವೂ ಹಾಗೆ ಬಂದವು. ಚೆಂದದ ಕೆಲಸ, ಆದರೆ ಅಪರೂಪದ್ದಲ್ಲ.

ದೊಡ್ಡದರ ಕಥೆ ಬೇರೆ. ಇದು ಲಿಯೊನಾರ್ಡ್ ನೈಫ್ ಬರೆದು, ಜೋಹಾನ್ಸ್ ಕಿಪ್ ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರ. ಇಬ್ಬರೂ ಹಾಲೆಂಡಿನವರು. ಡಚ್ಚರ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ಸಿಂಹಾಸನ ಏರಿದ ಮೇಲೆ ಅಲ್ಲಿ ಡಚ್ಚರ ಕೈಗೆ ಕೆಲಸವೋ ಕೆಲಸ. 1707ರಲ್ಲಿ ಇವರಿಬ್ಬರ 80 ಚಿತ್ರಗಳ ಪುಸ್ತಕ ಲಂಡನ್ನಿನಲ್ಲಿ ಹೊರಬಂತು. ಹೆಸರು 'ಬ್ರಿಟಾನಿಯಾ ಇಲ್ಲಸ್ಟ್ರಾಟಾ'. ರಾಣಿಯ ಅರಮನೆಗಳು, ಅವುಗಳ ಜೊತೆಗೆ ಡ್ಯೂಕು, ಅರ್ಲು ಎಂಬ ಬಿರುದಿನವರ, ಜಮೀನ್ದಾರರ ಮನೆಗಳು. ನಿಮ್ಮ ಹಾಳೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಮಡಿಕೆಯ ಗುರುತಿದೆ ನೋಡಿ. ಅದು ಹಾಳೆ ಕೆಟ್ಟಿದ್ದಲ್ಲ, ಪುಸ್ತಕದಲ್ಲಿ ಎರಡು ಪುಟದಗಲ ಮಡಚಿ ಹೊಲಿದದ್ದರ ಸಾಕ್ಷಿ.

ಈಗ ಫ್ರೇಮನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟು ನೋಡಿ. ಇಂಥ ಚಿತ್ರವನ್ನು ನಿಂತು ನೋಡಬಾರದು, ಕೂತು ಓದಬೇಕು. ಅಂಗಳದಲ್ಲಿ ಸಾರೋಟು ಇರುತ್ತದೆ. ಎಷ್ಟು ಕುದುರೆ ಕಟ್ಟಿದ್ದಾರೆ ಎಣಿಸಿ. ಆರು ಕುದುರೆ ಸಾಕುವುದು ಕಂಡಕಂಡವರಿಗೆ ಆಗುವ ಮಾತಲ್ಲ. ಆಮೇಲೆ ಗೋಡೆ ಕಟ್ಟಿದ ಹಣ್ಣಿನ ತೋಟ, ಮೀನಿನ ಕೊಳ, ಲಾಯ, ಜಿಂಕೆ ಬಿಟ್ಟ ಕಾವಲು. ಅಂಚಿನಲ್ಲಿ ಇರುವೆಯಷ್ಟು ಸಣ್ಣ ಆಳುಗಳು. ಮನೆ ಚಿತ್ರದ ನಡುವೆ ಇದ್ದರೂ ಹಾಳೆಯ ಬಹುಪಾಲು ಜಾಗ ಹೋಗಿರುವುದು ಮನೆಗಲ್ಲ, ನೆಲಕ್ಕೆ. ಎಲ್ಲ ದಿಕ್ಕಿಗೂ ಸಾಲುಮರಗಳು ನೆಟ್ಟಗೆ ಹೊರಟು, ಚೌಕಟ್ಟಿನ ಅಂಚಿಗೆ ತಾಗಿ ನಿಲ್ಲುತ್ತವೆ. ಅಲ್ಲಿ ಮುಗಿಯುವುದು ಕಾಗದ, ಜಮೀನಲ್ಲ!

ಆ ಸಾಲುಮರಗಳ ಮೇಲೆ ಒಂದು ಕಥೆಯೇ ಇದೆ. ಮೊದಲನೇ ಡ್ಯೂಕನ ಕಾಲದಲ್ಲಿ ಆ ಮನೆಯನ್ನು ಕಂಡಿದ್ದ ರೋಜರ್ ನಾರ್ತ್ ಎಂಬ ವಕೀಲ ಬರೆದಿಟ್ಟಿದ್ದಾನೆ: ಡ್ಯೂಕನ ಕಣ್ಣಿಗೆ ಅಡ್ಡ ಬರಬಾರದು ಅಂತ ಸುತ್ತಲ ಜಮೀನ್ದಾರರು ತಮ್ಮ ಮರ, ಬೇಲಿ ಕಡಿಸಿದರಂತೆ. ಕೆಲವರು ಡ್ಯೂಕನ ಸಾಲಿಗೆ ಸರಿಯಾಗಿ ತಮ್ಮ ಗುಡ್ಡಗಳ ಮೇಲೂ ಸ್ವಂತ ಖರ್ಚಿನಲ್ಲಿ ಗಿಡ ನೆಡಿಸಿದರಂತೆ. ಅಂದರೆ ಚಿತ್ರದಲ್ಲಿ ದೂರಕ್ಕೆ ಕಾಣುವ ಸಾಲು ಎಲ್ಲಿಯವರೆಗೆ ಡ್ಯೂಕನದು, ಎಲ್ಲಿಂದಾಚೆ ಅವನಿಗೆ ನಡು ಬಗ್ಗಿಸಿದವರದು, ಹೇಳುವುದು ಕಷ್ಟ. ಚಿತ್ರ ಮಾಡಿಸಿದವನಿಗೆ ಬೇಕಿದ್ದದ್ದೂ ಅದೇ ಅಂತ ನನ್ನ ಎಣಿಕೆ.


ಪ್ರಶ್ನೆ: ಬಲೂನು, ವಿಮಾನ ಯಾವುದೂ ಇಲ್ಲದ ಕಾಲದಾಗ ಮುಗಿಲಿನಿಂದ ನೋಡಿದಂಗ ಹೆಂಗ ಬರದ್ರು ಸರ್?
– ಡ್ರಾಯಿಂಗ್ ಮಾಸ್ತರರು, ಗದಗ

ಉತ್ತರ: ಮಾಸ್ತರ್ರೇ, ನಿಮ್ಮ ಕಸುಬಿನ ಬಲದಿಂದಲೇ. ಮನುಷ್ಯ ಮೊದಲು ಬಲೂನಿನಲ್ಲಿ ಹಾರಿದ್ದು 1783ರಲ್ಲಿ, ಫ್ರಾನ್ಸಿನಲ್ಲಿ. ನೈಫನ ಚಿತ್ರಗಳು ಅದಕ್ಕಿಂತ ಮುಕ್ಕಾಲು ಶತಮಾನ ಹಿಂದಿನವು. ನೆಲದ ಮೇಲೆ ಓಡಾಡಿ ಕಂಡದ್ದು, ಅಳತೆ, ನಕ್ಷೆ ಎಲ್ಲ ಸೇರಿಸಿ, ಇಲ್ಲದ ಗುಡ್ಡವೊಂದರ ಮೇಲೆ ತಾನು ನಿಂತ ಹಾಗೆ ಕಲ್ಪಿಸಿ ಬರೆಯಬೇಕು. ಹಾಗಾಗಿ ಒಂದೇ ಹಾಳೆಯಲ್ಲಿ ಎರಡು ಮೂರು ಕೋನ ಬೆರೆತಿರುತ್ತವೆ. ಮನೆಯ ಮುಂಭಾಗ ಎದುರು ನಿಂತಂತೆ, ತೋಟ ಮೇಲಿನಿಂದ ಕಂಡಂತೆ, ದೂರದ ಗುಡ್ಡ ಕಿಟಕಿಯಿಂದ ಕಂಡಂತೆ. ನಿಮ್ಮ ಮಕ್ಕಳು ಹಾಗೆ ಬರೆದರೆ ನೀವು ಕಿವಿ ಹಿಂಡುತ್ತೀರಿ. ಆದರೆ ಗೇಟಿನ ಮುಂದೆ ನಿಂತು ಬರೆದರೆ ಕಾಣುವುದು ಒಂದು ಗೋಡೆ, ಒಂದು ಸಾಲು ಕಿಟಕಿ. ಅಷ್ಟಕ್ಕೆ ಯಾವ ಜಮೀನ್ದಾರನೂ ದುಡ್ಡು ಬಿಚ್ಚುವುದಿಲ್ಲ.


ಪ್ರಶ್ನೆ: ಈ ಚಿತ್ರಗಳಿಗೆ ಹಣ ಕೊಡುತ್ತಿದ್ದವರು ಯಾರು? ಮನೆ ಕಣ್ಣೆದುರೇ ಇರುವಾಗ ಅದರ ಚಿತ್ರವನ್ನು ಅಚ್ಚು ಹಾಕಿಸುವುದರಿಂದ ಮಾಲೀಕನಿಗೆ ಏನು ಲಾಭ? ಚಿತ್ರದಲ್ಲಿರುವುದೆಲ್ಲ ನಿಜವಾಗಿ ಇತ್ತೆ?
– ಇತಿಹಾಸದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ ತಾಯಿ. ಮನೆ ಕಣ್ಣೆದುರು ಇರುವುದು ಆ ಊರಿನವರಿಗೆ. ಊರಿನವರಿಗೆ ಹೇಗೂ ಗೊತ್ತು, ಅವರ ಮುಂದೆ ಮೆರೆದು ಆಗಬೇಕಾದ್ದೇನು? ಮೆರೆಯಬೇಕಾದದ್ದು ಸರೀಕರ ಮುಂದೆ. ಎಣ್ಣೆಬಣ್ಣದ ಚಿತ್ರ ಬರೆಸಿದರೆ ಅದು ಇರುವುದು ಒಂದೇ, ಅದೂ ತನ್ನ ಮನೆಯೊಳಗೇ. ತಾಮ್ರದ ತಗಡಿನಿಂದ ನೂರಾರು ಪ್ರತಿ ತೆಗೆಯಬಹುದು. ಇನ್ನೊಬ್ಬ ಡ್ಯೂಕನ ಪುಸ್ತಕದ ಕೋಣೆಯಲ್ಲಿ, ಲಂಡನ್ನಿನ ಕಾಫಿ ಅಂಗಡಿಯಲ್ಲಿ ನಿಮ್ಮ ಮನೆ ಕಾಣಿಸಿಕೊಳ್ಳಬಹುದು.

ಇನ್ನು ದುಡ್ಡಿನ ವಿಷಯ. ಇಂಥ ದುಬಾರಿ ಪುಸ್ತಕಗಳಿಗೆ ಆಗಿನ ರೂಢಿ ಮುಂಗಡ ಚಂದಾ. ಅಚ್ಚಿಗೆ ಮೊದಲೇ ಹಣ ಎತ್ತುವುದು, ಕೊಟ್ಟವರ ಹೆಸರುಗಳ ಪಟ್ಟಿಯನ್ನು ಪುಸ್ತಕದ ಆರಂಭದಲ್ಲೇ ಅಚ್ಚು ಹಾಕುವುದು. ಕೋಲಿನ್ ಕ್ಯಾಂಪ್‌ಬೆಲ್ ಎಂಬ ಸ್ಕಾಟ್‌ಲೆಂಡಿನ ವಾಸ್ತುಶಿಲ್ಪಿ 1715ರಲ್ಲಿ 'ವಿಟ್ರೂವಿಯಸ್ ಬ್ರಿಟಾನಿಕಸ್' ಎಂಬ ಕಟ್ಟಡಗಳ ಪುಸ್ತಕದ ಮೊದಲ ಸಂಪುಟ ತಂದಾಗ ಮುನ್ನೂರರಷ್ಟು ಜನ ಚಂದಾದಾರರಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮದುವೆ ಕಾಗದದಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಹೆಸರು ಬಿಟ್ಟುಹೋದಷ್ಟೇ ಅವಮಾನ. ಕ್ಯಾಂಪ್‌ಬೆಲ್ ಇನ್ನೊಂದು ಜಾಣತನ ಮಾಡಿದ. ಕಟ್ಟಿದ ಮನೆಗಳ ನಡುವೆ, ಕಟ್ಟದೇ ಇದ್ದ ತನ್ನ ಸ್ವಂತ ನಕ್ಷೆಗಳನ್ನೂ ತುರುಕಿ, ಒಂದೊಂದನ್ನು ಒಬ್ಬೊಬ್ಬ ದೊಡ್ಡ ಮನುಷ್ಯನಿಗೆ ಅರ್ಪಿಸಿದ. ಹೊಗಳಿಕೆಗೆ ಹೊಗಳಿಕೆ, ಕೆಲಸಕ್ಕೆ ಅರ್ಜಿಗೆ ಅರ್ಜಿ.

ಈ ಸರೀಕತನ ಎಷ್ಟು ಸೂಕ್ಷ್ಮದ್ದು ಅನ್ನುವುದಕ್ಕೆ ಊಟದ ಪಾತ್ರೆ ಮಾಡುವ ಇಂಗ್ಲೆಂಡಿನ ವೆಜ್‌ವುಡ್ ಕಂಪನಿಯ ಪ್ರಸಂಗ ಕೇಳಿ. ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್ 1773ರಲ್ಲಿ ಊಟದ ತಟ್ಟೆ ಬಟ್ಟಲುಗಳ ಒಂದು ದೊಡ್ಡ ಸೆಟ್ಟಿಗೆ ಆರ್ಡರ್ ಕೊಟ್ಟಳು. ಒಟ್ಟು 952 ಪಾತ್ರೆ, ಅವುಗಳ ಮೇಲೆ ಬ್ರಿಟನ್ನಿನ 1,222 ನೋಟ: ದೊಡ್ಡ ಮನೆಗಳು, ಉದ್ಯಾನ, ಪಾಳುಬಿದ್ದ ಕೋಟೆ. ಎಲ್ಲದರ ಮೇಲೂ ಒಂದು ಹಸಿರು ಕಪ್ಪೆ, ಏಕೆಂದರೆ ಆ ಸೆಟ್ಟು ಹೋಗಬೇಕಿದ್ದ ಅರಮನೆಯನ್ನು ಕಟ್ಟಿದ ಜಾಗಕ್ಕೆ ಕಪ್ಪೆ ಜೌಗು ಅಂತ ಹೆಸರು. ಅಷ್ಟು ನೋಟ ಹೊಸದಾಗಿ ಬರೆಸಲು ಯಾರಿಂದ ಸಾಧ್ಯ? ಬಹಳಷ್ಟನ್ನು ಅಚ್ಚಿನ ಚಿತ್ರಗಳಿಂದಲೇ ಎತ್ತಿಕೊಂಡರು. 1774ರಲ್ಲಿ, ರಷ್ಯಾಕ್ಕೆ ಕಳಿಸುವ ಮೊದಲು, ಲಂಡನ್ನಿನಲ್ಲಿ ಪ್ರದರ್ಶನ ಇಟ್ಟರು. ಇದಕ್ಕೆ ಮೊದಲೇ ಜೋಸಾಯ ವೆಜ್‌ವುಡ್‌ಗೆ ಒಂದು ಚಿಂತೆ ಹತ್ತಿತ್ತು. ಪಾಲುದಾರನಿಗೆ ಬರೆದ ಕಾಗದದಲ್ಲಿ ಅದಿದೆ. ಯಾರ ಮನೆ ಬಿಟ್ಟುಹೋಗಿದೆಯೋ, ಯಾರ ಮನೆ ಸಣ್ಣ ಪಾತ್ರೆಯ ಮೇಲೆ ಬಿದ್ದಿದೆಯೋ, ಯಾರ ಮನೆ ಸಾಕಷ್ಟು ಚೆಂದ ಬಂದಿಲ್ಲವೋ ಅವರೆಲ್ಲ ಮುನಿಸಿಕೊಂಡರೆ ಗತಿಯೇನು? ಆ ತಟ್ಟೆಗಳು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿವೆ.

ನಿಜ ಸುಳ್ಳಿನ ಬಗ್ಗೆ ಕೇಳಿದಿರಿ. ನೆಟ್ಟ ವರ್ಷದ ಗಿಡ ಚಿತ್ರದಲ್ಲಿ ಬೆಳೆದ ಮರವಾಗಿರುತ್ತದೆ. ಮಾಡಿಸಬೇಕು ಅಂತ ಅಂದುಕೊಂಡ ತೋಟ ಮಾಡಿಯೇ ಆಗಿರುತ್ತದೆ. ಆದರೂ ಪೂರಾ ಸುಳ್ಳು ಅಂತ ತಳ್ಳಿಹಾಕಬೇಡಿ. ಗ್ಲಾಸ್ಟರ್‌ಶೈರಿನಲ್ಲಿ ವೆಸ್ಟ್‌ಬರಿ ಕೋರ್ಟ್ ಅಂತ ಒಂದು ಕಾಲುವೆ ತೋಟ ಇದೆ. 1696ರಿಂದ ಮುಂದೆ ಮೇನಾರ್ಡ್ ಕೋಲ್ಚೆಸ್ಟರ್ ಎಂಬಾತ ಡಚ್ಚರ ಪದ್ಧತಿಯಲ್ಲಿ ಮಾಡಿಸಿದ್ದು. 1712ರಲ್ಲಿ ಅಚ್ಚಾದ ಆ ಸೀಮೆಯ ಚರಿತ್ರೆಯ ಪುಸ್ತಕಕ್ಕೆ ಕಿಪ್ ಅದರ ಚಿತ್ರ ಕೆತ್ತಿದ. ತೋಟ ಕಾಲಕ್ರಮದಲ್ಲಿ ಹಾಳುಬಿತ್ತು. 1967ರಲ್ಲಿ ಅದನ್ನು ವಹಿಸಿಕೊಂಡ ನ್ಯಾಷನಲ್ ಟ್ರಸ್ಟ್ ಎಂಬ, ಹಳೆಯ ಮನೆ ತೋಟಗಳನ್ನು ಕಾಪಾಡುವ ಸಂಸ್ಥೆ, ಒಂದು ಕೈಯಲ್ಲಿ ಕಿಪ್‌ನ ಚಿತ್ರ, ಇನ್ನೊಂದು ಕೈಯಲ್ಲಿ ಕೋಲ್ಚೆಸ್ಟರನ ಲೆಕ್ಕದ ಪುಸ್ತಕ ಹಿಡಿದು ಅದನ್ನು ಮತ್ತೆ ಎಬ್ಬಿಸಿತು. ಅಂಥ ತೋಟ ಅಲ್ಲಿ ಉಳಿದಿರುವುದೇ ಅಪರೂಪ. 18ನೇ ಶತಮಾನದ ನಡುವೆ 'ಕೇಪಬಿಲಿಟಿ' ಬ್ರೌನ್ ಮುಂತಾದ ಉದ್ಯಾನ ವಿನ್ಯಾಸಕರು ಬಂದು, ನೇರ ಕಾಲುವೆ, ಚೌಕದ ಪಾತಿ ಎಲ್ಲ ಕಿತ್ತು ಹುಲ್ಲುಹಾಸು, ಡೊಂಕು ಕೆರೆ ಮಾಡಿಬಿಟ್ಟರು. ಜಂಬಕ್ಕೆ ಮಾಡಿಸಿದ ಚಿತ್ರಗಳೇ ಇವತ್ತು ಇತಿಹಾಸಕಾರರಿಗೆ ದಾಖಲೆ. ನಿಮ್ಮ ಪ್ರಬಂಧಕ್ಕೆ ಇಷ್ಟು ಸಾಕಲ್ಲವೆ?


ಪ್ರಶ್ನೆ: ಈ ಬಂಗಲೆಗಳಲ್ಲಿ ನಮ್ಮ ದೇಶದ ದುಡ್ಡು ಎಷ್ಟು ಸುರಿದಿದೆಯೋ! ಅಂಥ ಒಂದಾದರೂ ಚಿತ್ರದ ಬಗ್ಗೆ ತಿಳಿಸಿ. ನಮ್ಮ ಮೈಸೂರಿನ ಚಿತ್ರಗಳನ್ನೂ ಆಗಲೇ ಅಚ್ಚು ಹಾಕಿದ್ದರಂತೆ, ನಿಜವೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಒಂದೇ ಮನೆಯ ಕಥೆ ಹೇಳುತ್ತೇನೆ: ವಾನ್‌ಸ್ಟೆಡ್. ಲಂಡನ್ನಿನ ಪೂರ್ವಕ್ಕೆ, ಎಸೆಕ್ಸಿನಲ್ಲಿ ಇತ್ತು. 1673ರಲ್ಲಿ ಇದನ್ನು ಕೊಂಡವನು ಜೋಸಾಯ ಚೈಲ್ಡ್; ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆದವನು. ಆಗ ಕಂಪನಿಯ ವ್ಯಾಪಾರ ನಡೆಯುತ್ತಿದ್ದದ್ದು ಸೂರತ್ತು, ಮದರಾಸು ಕಡೆಯ ಬಟ್ಟೆ, ಮೆಣಸು ಇಂಥವುಗಳಲ್ಲಿ. ಇದು ಮೈಸೂರಿನ ದುಡ್ಡಲ್ಲ, ಗಮನಿಸಿ. 1683ರಲ್ಲಿ ಅಲ್ಲಿಗೆ ಹೋಗಿಬಂದ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಚೈಲ್ಡ್ ಅಕ್ರೋಟು ಮರ ನೆಡಿಸಲು, ಮೈಲಿಗಟ್ಟಲೆ ಮೀನಿನ ಕೊಳ ತೋಡಿಸಲು ಸುರಿದ ಹಣ ಕಂಡು ಮೂಗು ಮುರಿದಿದ್ದಾನೆ. ದಿಢೀರನೆ ದುಡ್ಡು ಕಂಡವರು ಹೀಗೇ ಬಂಜರು ಜಾಗಕ್ಕೆ ಹೋಗಿ ಕೂರುತ್ತಾರೆ ಅನ್ನುವುದು ಅವನ ತಿವಿತ.

ಈ ತಿವಿತದ ಉರಿ ಆರಿಸುವುದಕ್ಕೇ ಮಗ ರಿಚರ್ಡ್ ಚೈಲ್ಡ್ ಹೊರಟಂತಿದೆ. ಮೊದಲು ನೈಫ್ ಮತ್ತು ಕಿಪ್ ಜೋಡಿ ಬಂದು ಹಳೆಯ ಮನೆ, ಹೊಸ ತೋಟಗಳ ಚಿತ್ರ ಮಾಡಿತು. ಆಮೇಲೆ ಆ ಮನೆಯೇ ಸಾಲದೆ ಹೋಗಿ, ಮೇಲೆ ಹೇಳಿದ ಕ್ಯಾಂಪ್‌ಬೆಲ್‌ನ ಕೈಯಲ್ಲಿ ಹೊಸದು ಕಟ್ಟಿಸಿದ. ಮುಂಭಾಗ 260 ಅಡಿ ಉದ್ದ, ನಡುವೆ ಆರು ಕಂಬಗಳ ಮುಖಮಂಟಪ. ಕ್ಯಾಂಪ್‌ಬೆಲ್‌ನ 1715ರ ಪುಸ್ತಕದಲ್ಲಿ ಇದರ ನಕ್ಷೆಗಳಿವೆ. ಆಗಿನ್ನೂ ಮನೆ ಪೂರ್ತಿ ಎದ್ದಿರಲಿಲ್ಲ, ಕಾಗದದ ಮೇಲೆ ಗೃಹಪ್ರವೇಶ ಆಗಿಹೋಗಿತ್ತು. ವ್ಯಾಪಾರಿಯ ಮಗ ಕೊನೆಗೆ ಅರ್ಲ್ ಆದ. ಚಿತ್ರದಿಂದಲೇ ಆದ ಅಂತ ನಾನು ಹೇಳುವುದಿಲ್ಲ. ಆದರೆ ಅರ್ಲ್ ಆಗುವವನ ಮನೆ ಹೇಗಿರಬೇಕು ಅನ್ನುವುದನ್ನು ಊರಿಗೆಲ್ಲ ಮೊದಲೇ ತೋರಿಸಿಟ್ಟಿದ್ದ.

ಈಗ ನಿಮ್ಮ ಮೈಸೂರು ಬರುತ್ತದೆ. 1812ರಲ್ಲಿ ಈ ಆಸ್ತಿಯ ವಾರಸುದಾರಿಣಿ ಕ್ಯಾಥರೀನ್ ಟಿಲ್ನಿ ಲಾಂಗಳನ್ನು ಮದುವೆಯಾದವನು ವಿಲಿಯಂ. ಇವನು ಆರ್ಥರ್ ವೆಲ್ಲೆಸ್ಲಿಯ ಅಣ್ಣನ ಮಗ. ಹೌದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸವಿದ್ದ ಅದೇ ವೆಲ್ಲೆಸ್ಲಿ, ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದವನು. ಅಣ್ಣನ ಮಗ ಶುದ್ಧ ದುಂದುಗಾರ. ಹತ್ತೇ ವರ್ಷದಲ್ಲಿ ಸಾಲ ಕುತ್ತಿಗೆಗೆ ಬಂತು. 1822ರಲ್ಲಿ ಮನೆಯ ಸಾಮಾನಿನ ಹರಾಜು 32 ದಿನ ನಡೆಯಿತು. ಅದಾದ ಮೇಲೆ ಮನೆಯನ್ನೂ ಕಲ್ಲು, ಮರದ ಬೆಲೆಗೆ ಮಾರಿ ಕೆಡವಿದರು. ಈಗ ಆ ಜಾಗದಲ್ಲಿ ಗಾಲ್ಫ್ ಆಡುತ್ತಾರೆ; ಪಕ್ಕದ ಕೊಳಗಳು ಸಾರ್ವಜನಿಕ ಉದ್ಯಾನದೊಳಗೆ ಸೇರಿವೆ. ಕಂಪನಿಯ ದುಡ್ಡಿನಿಂದ ಎದ್ದ ಮನೆ, ಕಂಪನಿಗಾಗಿ ಯುದ್ಧ ಮಾಡಿದ ಸೇನಾನಿಯ ಮನೆಯ ಹುಡುಗನ ಕೈಯಲ್ಲಿ ಮಣ್ಣಾಯಿತು. ಅದರ ಸ್ವರೂಪ ನೋಡಬೇಕಾದರೆ ಇವತ್ತು ಅಚ್ಚಿನ ಹಾಳೆಗಳೇ ಗತಿ.

ಮೈಸೂರು ಸೀಮೆಯ ಚಿತ್ರಗಳೂ ಇವೆ. 1791ರಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಗಾರ ಬೆಂಗಳೂರು ಕೋಟೆ, ಸಾವನದುರ್ಗ ಮುಂತಾದವನ್ನು ಬರೆದುಕೊಂಡ. 1794ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದೇ ತಾಮ್ರ, ಅದೇ ಕಾಗದ, ಕೊಂಡವರೂ ಹೆಚ್ಚುಕಡಿಮೆ ಅದೇ ವರ್ಗದ ಜನ. ಆದರೆ ಸಾವನದುರ್ಗದ ಹಾಳೆಯ ಕೆಳಗೆ ಮಾಲೀಕನ ಲಾಂಛನ ಹುಡುಕಬೇಡಿ. ಅದು ಕಳೆದುಕೊಂಡವನ ಕೋಟೆ, ತೂಗುಹಾಕಿದ್ದು ಗೆದ್ದವನ ಗೋಡೆಗೆ.


ಪ್ರಶ್ನೆ: ಹಳೆಯ ಅಸಲಿ ಅಚ್ಚಿಗೂ ಈಗಿನ ನಕಲಿಗೂ ವ್ಯತ್ಯಾಸ ತಿಳಿಯುವುದು ಹೇಗೆ?
– ಬೆಂಗಳೂರು

ಉತ್ತರ: ಭೂತಗನ್ನಡಿಯಲ್ಲಿ ಒಂದೇ ಅಂತರದಲ್ಲಿ ಸಾಲು ಹಿಡಿದ ಚುಕ್ಕಿ ಚುಕ್ಕಿ ಕಂಡರೆ ಯಂತ್ರದ ನಕಲು, ಅಲ್ಲಿಗೇ ಬಿಡಿ. ತಾಮ್ರದ ಅಚ್ಚಾದರೆ ಗೆರೆ ಗಟ್ಟಿಯಾಗಿ, ತುದಿಯಲ್ಲಿ ಮೊನಚಾಗಿ ಇರುತ್ತದೆ. ಮಸಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರಬೇಕು, ಆದರೆ ಎಷ್ಟೋ ಜನ ಫ್ರೇಮಿಗೆ ಕೂರಲಿ ಅಂತ ಅದನ್ನೇ ಕತ್ತರಿಸಿಬಿಟ್ಟಿರುತ್ತಾರೆ. ಕಿಪ್ ಕಾಲದ ಕಾಗದವನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಗೆರೆ, ಅಡ್ಡಕ್ಕೆ ವಿರಳ ಗೆರೆ ಕಾಣುತ್ತವೆ. ಇನ್ನು, ಕಿಪ್‌ನ ಚಿತ್ರಕ್ಕೆ ಝಗಮಗ ಬಣ್ಣ ಇದ್ದರೆ ಅದು ಮಾರುವವರು ಆಮೇಲೆ ಹಚ್ಚಿಸಿದ್ದು ಅಂತಲೇ ಅನುಮಾನಿಸಿ. ಬೆಲೆ ಕೇಳಿ ಕಾಗದ ಬರೆಯುವವರಿಗೆ ಮತ್ತೊಮ್ಮೆ: ಫೋಟೋ ನೋಡಿ ನಾನು ಬೆಲೆ ಹೇಳುವುದಿಲ್ಲ.


ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಳೆಯ ಚಿತ್ರಗಳಿಗೆ ಬೂಷ್ಟು ಬರುತ್ತದೆ. ಏನು ಮಾಡಲಿ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡುತ್ತದೆ. ಕಾಗದ ಗಾಜಿಗೆ ತಾಗಬಾರದು. ನಡುವೆ ಆಮ್ಲವಿಲ್ಲದ ದಪ್ಪ ಕಾಗದದ ಅಂಚುಪಟ್ಟಿ, ಅಂದರೆ ಮೌಂಟ್, ಹಾಕಿಸಿ. ಹಿಂದಿನ ಹಲಗೆ ಹಳೆಯ ಪ್ಲೈವುಡ್ ಆಗಿದ್ದರೆ ಅದೇ ಕಾಗದವನ್ನು ಕಂದು ಮಾಡುತ್ತಿರುತ್ತದೆ, ತೆಗೆಸಿ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳಕ್ಕಿಳಿಯುತ್ತದೆ. ಬಿಸಿಲಿಗೂ ಇಡಬೇಡಿ. ಸೆಲೋಟೇಪ್ ಹಚ್ಚಿದವರನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.


ಪ್ರಶ್ನೆ: ನಮ್ಮದು 60 ಎಕರೆ ತೋಟ, ಹಳೆಯ ಮನೆ, ಈಗ ಹೋಂಸ್ಟೇ ಮಾಡಿದ್ದೇವೆ. ಡ್ರೋನ್ ಫೋಟೋ ತೆಗೆಸಿದೆ, ಅದರಲ್ಲಿ ಗಮ್ಮತ್ತೇ ಇಲ್ಲ. ಆ ಹಳೆಯ ಇಂಗ್ಲಿಷ್ ಚಿತ್ರಗಳ ಹಾಗೆ ತಾಮ್ರದಲ್ಲಿ ಕೆತ್ತಿಸಿ ಸ್ವಾಗತದ ಕೋಣೆಯಲ್ಲಿ ಹಾಕುವ ಆಸೆ. ಆಗುತ್ತದೆಯೆ?
– ಮೂಡಿಗೆರೆ

ಉತ್ತರ: ಧಾರಾಳವಾಗಿ ಆಗುತ್ತದೆ. ಕಲಾಶಾಲೆಗಳಲ್ಲಿ ಅಚ್ಚುಚಿತ್ರ ಕಲಿತವರಿದ್ದಾರೆ, ವಿಚಾರಿಸಿ. ಡ್ರೋನಿನಲ್ಲಿ ಗಮ್ಮತ್ತು ಯಾಕೆ ಇಲ್ಲ ಅಂದರೆ ಅದು ಎಲ್ಲವನ್ನೂ ಒಂದೇ ದಯೆಯಿಂದ ನೋಡುತ್ತದೆ: ಮನೆಯ ಹೆಂಚು, ಪಲ್ಪರ್ ಶೆಡ್ಡು, ನೀಲಿ ಟಾರ್ಪಾಲು, ಪಕ್ಕದವರ ಮೊಬೈಲ್ ಟವರ್. ಅದರ ಮೇಲೆ ಸಿಲ್ವರ್ ಓಕ್ ನೆರಳಿನಡಿ ನಿಮ್ಮ ಕಾಫಿ ಗಿಡ ಒಂದೂ ಕಾಣುವುದಿಲ್ಲ. ಚಿತ್ರಗಾರ ಮನೆಯನ್ನು ತುಸು ದೊಡ್ಡದು ಮಾಡುತ್ತಾನೆ, ದಾರಿಯನ್ನು ನೆಟ್ಟಗೆ ಮಾಡುತ್ತಾನೆ, ಬೇಡದ್ದನ್ನು ಮರೆಯುತ್ತಾನೆ. ಅವನನ್ನು ಕರೆಸಿ ಎರಡು ದಿನ ತೋಟ ಸುತ್ತಾಡಿಸಿ, ಸರ್ವೆ ನಕ್ಷೆ ಕೈಗೆ ಕೊಡಿ. ಕಣ, ಕೆರೆ, ದೇವರಕಾಡು ಬಿಡಬೇಡಿ ಅನ್ನಿ. ಕೂಲಿಯವರ ಲೈನ್ ಮನೆಗಳನ್ನು ಅಳಿಸಲು ಹೇಳುತ್ತೀರೇನೋ, ಬೇಡ, ಇರಲಿ. ಕಿಪ್ ಕೂಡ ಆಳುಗಳನ್ನು ಕೆತ್ತಿದ್ದಾನೆ, ಮೇಲಾಗಿ ಕಾಫಿ ಕುಯ್ಯುವವರಿಲ್ಲದ ತೋಟದ ಚಿತ್ರವನ್ನು ಮೂಡಿಗೆರೆಯವರು ಯಾರೂ ನಂಬುವುದಿಲ್ಲ.

ಹೆಸರು ಕೆತ್ತಿಸುವ ಮೊದಲು ಒಂದು ಮಾತು. ಕಾಗದದಲ್ಲಿ 'ನಮ್ಮದು' ಅಂತ ಬರೆದಿದ್ದೀರಿ. ಅಣ್ಣತಮ್ಮಂದಿರಲ್ಲಿ ಭಾಗ ಆಗಿದೆಯೆ? ಪಹಣಿ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ತಾಮ್ರದಲ್ಲಿ ಹೆಸರು ಬದಲಾಯಿಸಲು ಬರುವುದಿಲ್ಲ ಅಂತಲ್ಲ. ಹಳೆಯ ಹೆಸರನ್ನು ಕೆರೆದು, ತಗಡನ್ನು ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದು ಎತ್ತಿ, ಮತ್ತೆ ನಯ ಮಾಡಿ ಹೊಸ ಹೆಸರು ಕೆತ್ತುತ್ತಾರೆ. ಇಂಗ್ಲೆಂಡಿನಲ್ಲೂ ಮಾಡುತ್ತಿದ್ದದ್ದು ಹಾಗೆಯೇ. ಅದಕ್ಕೆ ಕೂಲಿ ಮಾತ್ರ ಬೇರೆ ಕೊಡಬೇಕಾಗುತ್ತದೆ.